ಡೈವರ್ಟರ್‌ನ ಟಂಗ್‌ಸ್ಟನ್ ಘಟಕಗಳಿಗೆ ಫಟೀಗ್ ಪರೀಕ್ಷೆ ನಡೆಸುವ ಕ್ರಮ

ಬೈಜಿಕ ಸಮ್ಮಿಲನದ ಯಂತ್ರದಲ್ಲಿ ಪ್ಲಾಸ್ಮಾಕ್ಕೆ (ವಿದ್ಯುದಾವೇಶ ಪಡೆದ ಅತಿ ಬಿಸಿಯಾದ ಅನಿಲಕ್ಕೆ) ಮುಖಮಾಡಿ ನಿಲ್ಲುವ ಭಾಗಗಳ ಪೈಕಿ ಅತಿ ಹೆಚ್ಚು ಶಾಖವನ್ನು ಎಡೆಬಿಡದೆ ತಾಳಬೇಕಾದದ್ದು ಡೈವರ್ಟರ್. ಭಾರತವೂ ಸೇರಿದಂತೆ ಏಳು ಸದಸ್ಯರು ಕೂಡಿ ದಕ್ಷಿಣ ಫ್ರಾನ್ಸಿನ ಕಾಡರಾಶ್‌ನಲ್ಲಿ ಕಟ್ಟುತ್ತಿರುವ, ಪ್ಲಾಸ್ಮಾವನ್ನು ಕಾಂತಕ್ಷೇತ್ರದಲ್ಲಿ ಹಿಡಿದಿಡುವ ಉಂಗುರಾಕಾರದ ಯಂತ್ರವಾದ ಇಟರ್ ಟೋಕಮಾಕ್‌ನ ತಳದಲ್ಲಿ 54 ಡೈವರ್ಟರ್ ಕ್ಯಾಸೆಟ್‌ಗಳು ವರ್ತುಲವಾಗಿ ಕೂರುತ್ತವೆ. ಮೊದಲ ಹಂತದಲ್ಲಿ ಕಾರ್ಬನ್ ನಾರಿನ ಸಂಯುಕ್ತವನ್ನು ಬಳಸುವ ಆಲೋಚನೆ ಇದ್ದದ್ದು 2013ರಲ್ಲಿ ಬದಲಾಗಿ, ಆರಂಭದಿಂದಲೇ ಪೂರ್ಣ ಟಂಗ್‌ಸ್ಟನ್ ಹೊದಿಕೆಯ ಡೈವರ್ಟರನ್ನು ಕೂರಿಸುವುದೆಂದು ತೀರ್ಮಾನವಾಯಿತು. ಆ ಹೊದಿಕೆಯ ಘಟಕಗಳು ಚದರ ಮೀಟರಿಗೆ 10 ಮೆಗಾವ್ಯಾಟ್ ಶಾಖಭಾರವನ್ನು 5000 ಸುತ್ತು, ಅದಾದ ಮೇಲೆ 20 ಮೆಗಾವ್ಯಾಟ್ ಶಾಖಭಾರವನ್ನು 300 ಸುತ್ತು ತಾಳಬೇಕೆಂಬುದು ಅರ್ಹತಾ ಪರೀಕ್ಷೆಯ ಷರತ್ತು. ಪ್ರತಿ ಸುತ್ತಿನಲ್ಲಿ ಸಾಮಾನ್ಯವಾಗಿ 10 ಸೆಕೆಂಡು ಶಾಖ, 10 ಸೆಕೆಂಡು ಬಿಡುವು ಇರುತ್ತದೆ.

ಲೆಕ್ಕ ಹಾಕಿದರೆ 5000 ಸುತ್ತುಗಳಿಗೆ 28 ಗಂಟೆಯೂ ಬೇಡ. 300 ಸುತ್ತುಗಳು ಒಂದು ಗಂಟೆ ನಲವತ್ತು ನಿಮಿಷದಲ್ಲಿ ಮುಗಿಯುತ್ತವೆ. ಆದರೆ ಈ ಕೆಲಸಕ್ಕೆ ತಗಲುವ ವಾರಗಳು ಆ ಗಂಟೆಗಳ ಆಚೆ ಈಚೆ ಇರುತ್ತವೆ. ಘಟಕದೊಳಕ್ಕೆ ನಿಜವಾಗಿ ಎಷ್ಟು ಶಾಖ ಹೋಯಿತು, ಮೊದಲ ಸುತ್ತಿನಲ್ಲಿ ಹೋದಷ್ಟೇ ಸಲೀಸಾಗಿ ಕೊನೆಯ ಸುತ್ತಿನಲ್ಲೂ ಹೋಯಿತೇ ಎಂಬ ಎರಡು ಪ್ರಶ್ನೆಗಳಿಗೆ ಅಳತೆಯ ಆಧಾರವಿರುವ ಉತ್ತರ ಸಿಗದಿದ್ದರೆ, ಎಷ್ಟು ಸಾವಿರ ಸುತ್ತು ಓಡಿಸಿದರೂ ಅದನ್ನು ಪರೀಕ್ಷೆ ಎಂದು ಕರೆಯಲಾಗದು. ಮುಂದಿನ ಕ್ರಮವನ್ನೆಲ್ಲ ಆ ಎರಡು ಪ್ರಶ್ನೆಗಳನ್ನು ಎದುರಿಗಿಟ್ಟುಕೊಂಡೇ ವಿವರಿಸಿದ್ದೇನೆ.

ಮಾದರಿ ಘಟಕವನ್ನು ಅರಿತುಕೊಳ್ಳುವುದು

ಪರೀಕ್ಷೆಗೆ ಬರುವ ಮಾದರಿ ಘಟಕವು ಮೊನೊಬ್ಲಾಕ್ ಎಂದು ಕರೆಯುವ ಟಂಗ್‌ಸ್ಟನ್ ಬಿಲ್ಲೆಗಳನ್ನು ಒಂದು ಕೊಳವೆಗೆ ಪೋಣಿಸಿದ ರೂಪದಲ್ಲಿರುತ್ತದೆ. ಬಿಲ್ಲೆಯ ಅಗಲ ಸುಮಾರು 28 ಮಿಲಿಮೀಟರ್, ಕೊಳವೆಯ ಉದ್ದಕ್ಕೆ ಅದರ ದಪ್ಪ 12 ಮಿಲಿಮೀಟರ್. ಎರಡು ಬಿಲ್ಲೆಗಳ ನಡುವೆ ಅರ್ಧ ಮಿಲಿಮೀಟರಿನಷ್ಟು ಸಂದು ಬಿಟ್ಟಿರುತ್ತಾರೆ. ಕೊಳವೆಯನ್ನು ತಾಮ್ರ, ಕ್ರೋಮಿಯಂ ಮತ್ತು ಜಿರ್ಕೋನಿಯಂಗಳ ಮಿಶ್ರಲೋಹದಿಂದ ಮಾಡಿರುತ್ತಾರೆ. ಅದರ ಒಳವ್ಯಾಸ 12, ಹೊರವ್ಯಾಸ 15 ಮಿಲಿಮೀಟರ್. ಟಂಗ್‌ಸ್ಟನ್‌ಗೂ ಕೊಳವೆಗೂ ಮಧ್ಯೆ ಸುಮಾರು ಒಂದು ಮಿಲಿಮೀಟರ್ ದಪ್ಪದ ಶುದ್ಧ ತಾಮ್ರದ ಪದರವಿರುತ್ತದೆ. ತಾಮ್ರವು ಬಿಸಿಯಾದಾಗ ಟಂಗ್‌ಸ್ಟನ್‌ಗಿಂತ ಮೂರೂವರೆ ಪಟ್ಟಿಗೂ ಹೆಚ್ಚು ಹಿಗ್ಗುವುದರಿಂದ, ಆ ಎರಡರ ಎಳೆದಾಟವನ್ನು ಮೆತ್ತನೆಯ ಈ ಪದರವು ತಾನು ವಿರೂಪಗೊಂಡು ಭರಿಸುತ್ತದೆ. ತಂತಿಯೊಂದನ್ನು ಹಿಂದೆಮುಂದೆ ಬಗ್ಗಿಸುತ್ತ ಹೋದರೆ ಕೊನೆಗೊಮ್ಮೆ ಕಡಿಯುವಂತೆ, ಪ್ರತಿ ಸುತ್ತಿನ ಹಿಗ್ಗುಕುಗ್ಗಿನಿಂದ ಲೋಹಕ್ಕೆ ದಣಿವು (ಫಟೀಗ್) ಬರುವುದು ಮೊದಲು ಇಂಥ ಬೆಸುಗೆಯ ಮೈಗಳಲ್ಲಿ ಮತ್ತು ಶಾಖ ಬೀಳುವ ಮೇಲ್ಮೈಯಲ್ಲಿ.

ಘಟಕ ಕೈಸೇರಿದ ಕೂಡಲೇ ಅದರ ತಯಾರಿಕೆಯ ದಾಖಲೆಗಳನ್ನು ಕೇಳಿ ಪಡೆಯಬೇಕು. ಟಂಗ್‌ಸ್ಟನ್ ತಗಡನ್ನು ಯಾವ ದಿಕ್ಕಿನಲ್ಲಿ ರೋಲ್ ಮಾಡಿದ್ದಾರೆ, ಅದರ ಕಣರಚನೆ (ಲೋಹದೊಳಗಿನ ಹರಳುಗಳ ಜೋಡಣೆ) ಶಾಖ ಹರಿಯುವ ದಿಕ್ಕಿಗೆ ಸಮನಾಗಿದೆಯೇ ಅಡ್ಡವಾಗಿದೆಯೇ, ಬಿಲ್ಲೆ ಮತ್ತು ಕೊಳವೆಯನ್ನು ಬ್ರೇಜಿಂಗ್‌ನಿಂದ ಕೂಡಿಸಿದ್ದೋ ಬಿಸಿ ಒತ್ತಡದಿಂದ ಕೂಡಿಸಿದ್ದೋ, ಆ ಸಮಯದಲ್ಲಿ ಕೊಳವೆ ಯಾವ ತಾಪಮಾನವನ್ನು ಎಷ್ಟು ಹೊತ್ತು ಕಂಡಿತು ಎಂಬುದೆಲ್ಲ ಅಲ್ಲಿರಬೇಕು. ಕೊಳವೆಯ ಮಿಶ್ರಲೋಹಕ್ಕೆ ಬಲ ಬರುವುದು ಏಜಿಂಗ್ ಎಂಬ ಶಾಖೋಪಚಾರದಿಂದ. ತಯಾರಿಕೆಯಲ್ಲಿ ಅದು ಮಿತಿಮೀರಿ ಕಾದಿದ್ದರೆ ಪರೀಕ್ಷೆಯ ಮೊದಲೇ ಮೆತ್ತಗಾಗಿರುತ್ತದೆ. ಈ ವಿವರಗಳಿಲ್ಲದೆ ಪರೀಕ್ಷಿಸಿದ ಘಟಕವೊಂದು ಸೋತರೆ, ಸೋತದ್ದು ವಿನ್ಯಾಸವೋ ತಯಾರಿಕೆಯೋ ಎಂದು ಆಮೇಲೆ ಯಾರೂ ಹೇಳಲಾರರು.

ಅನಂತರ ಕೊಳವೆಯ ಒಳಗಿನಿಂದ ಅಲ್ಟ್ರಾಸಾನಿಕ್ ತಪಾಸಣೆ ನಡೆಸಿ, ಕೊಳವೆ–ತಾಮ್ರ ಮತ್ತು ತಾಮ್ರ–ಟಂಗ್‌ಸ್ಟನ್ ಎಂಬ ಎರಡೂ ಮೈಗಳ ಬೆಸುಗೆಯನ್ನು ಸುತ್ತಲೂ ನಕ್ಷೆ ಮಾಡಿಕೊಳ್ಳಬೇಕು. ಬಿಲ್ಲೆಗಳಿಗೆ ಸಂಖ್ಯೆ ಕೊಟ್ಟು, ಶಾಖ ಬೀಳುವ ಮೈಯನ್ನು ಸೊನ್ನೆ ಡಿಗ್ರಿ ಎಂದು ಗುರುತಿಸಿ, ಕೋನದ ಲೆಕ್ಕದಲ್ಲಿ ದೋಷಗಳನ್ನು ಬರೆದಿಡಬೇಕು. ಪರೀಕ್ಷೆ ಮುಗಿದ ಮೇಲೆ ಕಾಣುವ ದೋಷ ಹೊಸದೋ ಹಳೆಯದೋ ಎಂಬ ಪ್ರಶ್ನೆಗೆ ಈ ನಕ್ಷೆಯೊಂದೇ ಸಾಕ್ಷಿ. ಬಿಸಿನೀರನ್ನೂ ತಣ್ಣೀರನ್ನೂ ಒಂದರ ಹಿಂದೊಂದು ಕೊಳವೆಯಲ್ಲಿ ಹರಿಸಿ, ಬಿಲ್ಲೆಗಳ ಮೇಲ್ಮೈ ಎಷ್ಟು ಬೇಗ ತಾಪ ಬದಲಿಸುತ್ತದೆಂದು ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ ನೋಡುವ ವಿಧಾನವೂ ಉಂಟು. ಸಾಧ್ಯವಿದ್ದರೆ ಎರಡನ್ನೂ ಮಾಡುವುದು ಒಳ್ಳೆಯದು.

ಶಾಖದ ಮೂಲ

ಇಷ್ಟು ಶಾಖವನ್ನು ಸಣ್ಣ ಜಾಗಕ್ಕೆ ಸುರಿಯಲು ಹೆಚ್ಚಾಗಿ ಇಲೆಕ್ಟ್ರಾನ್ ಕಿರಣವನ್ನು ಬಳಸುತ್ತಾರೆ. ಸೇಂಟ್ ಪೀಟರ್ಸ್‌ಬರ್ಗ್‌ನ ಎಫ್ರೆಮೊವ್ ಸಂಸ್ಥೆಯಲ್ಲಿ ಇಟರ್ ಡೈವರ್ಟರ್‌ಗೆಂದೇ ಇರುವ ಪರೀಕ್ಷಾ ಕೇಂದ್ರದಲ್ಲಿ ಈ ಕಿರಣವನ್ನು ಹೊರಡಿಸುವ ಗನ್ 800 ಕಿಲೋವ್ಯಾಟ್‌ನದು. ಜರ್ಮನಿಯ ಯೂಲಿಶ್‌ನ ಜುಡಿತ್ 2 ಮತ್ತು ನಮ್ಮ ಗಾಂಧಿನಗರದ ಬಳಿಯ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯ ವ್ಯವಸ್ಥೆ 200 ಕಿಲೋವ್ಯಾಟ್‌ನವು. ಜರ್ಮನಿಯ ಗಾರ್ಶಿಂಗ್‌ನಲ್ಲಿರುವ ಗ್ಲಾಡಿಸ್ ಹೈಡ್ರೋಜನ್ ಕಣಗಳ ಕಿರಣವನ್ನು ಬಳಸುತ್ತದೆ. ಕಣಕಿರಣದಲ್ಲಿ ಶಾಖದ ಬಹುಪಾಲು ವಸ್ತುವಿನೊಳಕ್ಕೆ ಹೋಗುತ್ತದೆ, ಆದರೆ ಅದರ ಆಕಾರವನ್ನು ಬೇಕಾದಂತೆ ಬದಲಿಸಲಾಗದು. ಇಲೆಕ್ಟ್ರಾನ್ ಕಿರಣವನ್ನು ಕಾಂತಕ್ಷೇತ್ರದಿಂದ ಬೇಕಾದ ವಿನ್ಯಾಸದಲ್ಲಿ ಓಡಾಡಿಸಬಹುದು, ಆದರೆ ಟಂಗ್‌ಸ್ಟನ್‌ಗೆ ನೆಟ್ಟಗೆ ಬಡಿದ ಕಿರಣದ ಶಕ್ತಿಯಲ್ಲಿ ಸುಮಾರು ಶೇ. 40ರಿಂದ 45ರಷ್ಟು ಹಿಂದಕ್ಕೆ ಪುಟಿದುಹೋಗುತ್ತದೆ. ಗನ್ನಿನ ವೋಲ್ಟೇಜು ಮತ್ತು ಕರೆಂಟನ್ನು ಗುಣಿಸಿ ಬಂದ ಸಂಖ್ಯೆಯನ್ನೇ ಶಾಖಭಾರವೆಂದು ಬರೆಯುವಂತಿಲ್ಲ ಎಂಬುದಕ್ಕೆ ಇದೇ ಕಾರಣ.

ಉದಾಹರಣೆಗೆ ಏಳು ಬಿಲ್ಲೆಗಳ ಘಟಕವೊಂದನ್ನು ತೆಗೆದುಕೊಳ್ಳೋಣ. ಸಂದುಗಳೂ ಸೇರಿ ಅದರ ಉದ್ದ 87 ಮಿಲಿಮೀಟರ್, ಶಾಖ ಬೀಳುವ ಮೈ ಸುಮಾರು 24.4 ಚದರ ಸೆಂಟಿಮೀಟರ್. ಚದರ ಮೀಟರಿಗೆ 10 ಮೆಗಾವ್ಯಾಟ್ ಎಂದರೆ ಈ ಮೈಯೊಳಕ್ಕೆ 24.4 ಕಿಲೋವ್ಯಾಟ್ ಹೋಗಬೇಕು. 20 ಎಂದರೆ 48.7 ಕಿಲೋವ್ಯಾಟ್. ಶೇ. 55ರಷ್ಟು ಮಾತ್ರ ಒಳಹೋಗುವುದಾದರೆ ಎರಡನೆಯದಕ್ಕೆ ಗನ್ನಿನಿಂದ ಸುಮಾರು 89 ಕಿಲೋವ್ಯಾಟ್ ಹೊರಡಬೇಕು, ಅಂಚುಗಳನ್ನು ದಾಟಿ ಚೆಲ್ಲುವುದು ಬೇರೆ. ಘಟಕದ ಉದ್ದವನ್ನು ನಿರ್ಧರಿಸುವ ಮೊದಲೇ ಈ ಲೆಕ್ಕ ಆಗಿರಬೇಕು.

ನೀರು

ಇಟರ್‌ನ ಪರಿಸ್ಥಿತಿಗೆ ಹೊಂದುವಂತೆ ನೀರನ್ನು ಸುಮಾರು 70 ಡಿಗ್ರಿ ಸೆಲ್ಸಿಯಸ್‌ನಲ್ಲಿ, 4 ಮೆಗಾಪಾಸ್ಕಲ್ ಒತ್ತಡದಲ್ಲಿ, ಸೆಕೆಂಡಿಗೆ 10 ಮೀಟರ್‌ಗೆ ಕಡಿಮೆಯಿಲ್ಲದ ವೇಗದಲ್ಲಿ ಒಳಬಿಡಬೇಕು. ಕೊಳವೆಯೊಳಗೆ ತಿರುಚಿದ ಲೋಹದ ಪಟ್ಟಿಯೊಂದನ್ನು ಕೂರಿಸಿರುತ್ತಾರೆ. ನೀರು ಸುಳಿಸುಳಿಯಾಗಿ ತಿರುಗುತ್ತ ಗೋಡೆಗೆ ಒತ್ತಿಕೊಂಡು ಹರಿಯುವುದರಿಂದ ಶಾಖ ಬೇಗ ಸಾಗುತ್ತದೆ. ತಣ್ಣನೆಯ ನಲ್ಲಿನೀರಿನಲ್ಲಿ ಪರೀಕ್ಷೆ ನಡೆಸಿ ಅನುಕೂಲ ಮಾಡಿಕೊಳ್ಳುವ ಮನಸ್ಸಾಗಬಹುದು. ಆದರೆ ಟಂಗ್‌ಸ್ಟನ್ ಕೆಲವು ನೂರು ಡಿಗ್ರಿಗಳ ಕೆಳಗೆ ಪೆಡಸು ಲೋಹವಾದ್ದರಿಂದ, ಬಿಡುವಿನ ವೇಳೆಯಲ್ಲಿ ಅದು ಎಷ್ಟರವರೆಗೆ ತಣಿಯುತ್ತದೆ ಎಂಬುದು ಬಿರುಕಿನ ಹುಟ್ಟನ್ನು ಪ್ರಭಾವಿಸುತ್ತದೆ. ಆದ್ದರಿಂದ ನೀರಿನ ತಾಪಮಾನವನ್ನೂ ಶಾಖಭಾರದಷ್ಟೇ ಕಟ್ಟುನಿಟ್ಟಾಗಿ ಪಾಲಿಸಬೇಕು.

4 ಮೆಗಾಪಾಸ್ಕಲ್‌ನಲ್ಲಿ ನೀರಿನ ಕುದಿಬಿಂದು ಸುಮಾರು 250 ಡಿಗ್ರಿ. 28 ಮಿಲಿಮೀಟರ್ ಅಗಲದ ಮೈಯಲ್ಲಿ ಬಿದ್ದ ಶಾಖವು 12 ಮಿಲಿಮೀಟರ್ ವ್ಯಾಸದ ಕೊಳವೆಯತ್ತ ಒಟ್ಟುಗೂಡುವುದರಿಂದ, ಕೊಳವೆಯ ಒಳಗೋಡೆಯ ಮೇಲ್ಭಾಗದಲ್ಲಿ ಶಾಖದ ಹರಿವು ಹೊರಮೈಯದಕ್ಕಿಂತ ಹೆಚ್ಚಿರುತ್ತದೆ. ಅಲ್ಲಿ ಒಂದಿಷ್ಟು ಕುದಿಯುವಿಕೆ ಸಹಜ, ಉಪಯುಕ್ತವೂ ಹೌದು. ಹರಿವು ನಿರ್ಣಾಯಕ ಮಿತಿಯನ್ನು ದಾಟಿ ಗೋಡೆಗೆ ಆವಿಯ ಪೊರೆ ಕಟ್ಟಿದರೆ ಮಾತ್ರ ಕೊಳವೆ ಕ್ಷಣಗಳಲ್ಲಿ ಕರಗಿ ತೂತಾಗುತ್ತದೆ. ನಿರ್ಣಾಯಕ ಮಿತಿಗೂ ಪರೀಕ್ಷೆಯ ಶಾಖಭಾರಕ್ಕೂ ನಡುವೆ 1.4 ಪಟ್ಟಿನ ಅಂತರವಾದರೂ ಇದೆಯೆಂದು ಲೆಕ್ಕದಿಂದ ಖಚಿತಪಡಿಸಿಕೊಳ್ಳದೆ 20 ಮೆಗಾವ್ಯಾಟ್‌ಗೆ ಏರಬಾರದು. ನೀರಿನ ಹರಿವು, ಒತ್ತಡ, ಹೊರಬರುವ ನೀರಿನ ತಾಪ, ಮೇಲ್ಮೈ ತಾಪ ಇವುಗಳಲ್ಲಿ ಯಾವುದೊಂದು ಗೆರೆ ದಾಟಿದರೂ ಕಿರಣವು ಮನುಷ್ಯರ ಕೈಗೆ ಕಾಯದೆ ಮಿಲಿಸೆಕೆಂಡುಗಳಲ್ಲಿ ತಾನಾಗಿ ನಿಲ್ಲುವ ವ್ಯವಸ್ಥೆ ಇರಬೇಕು. ಈ ವ್ಯವಸ್ಥೆಯನ್ನು ಪ್ರತಿದಿನ ಬೆಳಿಗ್ಗೆ ಕಡಿಮೆ ಶಕ್ತಿಯಲ್ಲಿ ಪ್ರಯೋಗಿಸಿ ನೋಡಿದ ಮೇಲೆಯೇ ಕೆಲಸ ಶುರುಮಾಡಬೇಕು. ಇಲೆಕ್ಟ್ರಾನ್‌ಗಳು ಲೋಹಕ್ಕೆ ಬಡಿದಾಗ ಎಕ್ಸ್-ಕಿರಣ ಹುಟ್ಟುವುದರಿಂದ ಪರೀಕ್ಷೆ ನಡೆಯುವ ನಿರ್ವಾತ ಕೋಠಿಗೆ ಸೀಸದ ರಕ್ಷಣೆ ಮತ್ತು ವಿಕಿರಣದ ಅಳತೆ ಕಡ್ಡಾಯ.

ಒಳಹೋದ ಶಾಖವನ್ನು ಅಳೆಯುವುದು

ಇಡೀ ಪರೀಕ್ಷೆಯ ಜೀವ ಇರುವುದು ಈ ಹಂತದಲ್ಲಿ. ಘಟಕದೊಳಕ್ಕೆ ಹೋದ ಶಾಖವನ್ನೆಲ್ಲ ಕೊನೆಗೆ ಹೊತ್ತೊಯ್ಯುವುದು ನೀರು. ಸೆಕೆಂಡಿಗೆ ಹರಿಯುವ ನೀರಿನ ತೂಕ, ನೀರಿನ ವಿಶಿಷ್ಟ ಉಷ್ಣ, ಒಳಬರುವ ಮತ್ತು ಹೊರಹೋಗುವ ನೀರಿನ ತಾಪದ ವ್ಯತ್ಯಾಸ ಈ ಮೂರನ್ನು ಗುಣಿಸಿದರೆ ಒಳಹೋದ ಶಕ್ತಿ ಸಿಗುತ್ತದೆ. ಸೂತ್ರ ಸರಳ, ಅದರ ಪಾಲನೆ ಕಷ್ಟ. ನಮ್ಮ ಉದಾಹರಣೆಯ ಕೊಳವೆಯಲ್ಲಿ ಪಟ್ಟಿಯ ಜಾಗವನ್ನು ಕಳೆದು, ಸೆಕೆಂಡಿಗೆ 10 ಮೀಟರ್ ವೇಗಕ್ಕೆ ಸೆಕೆಂಡಿಗೆ ಸುಮಾರು ಒಂದು ಕಿಲೋಗ್ರಾಂ ನೀರು ಹರಿಯುತ್ತದೆ. ಆಗ 10 ಮೆಗಾವ್ಯಾಟ್‌ನಲ್ಲಿ ನೀರಿನ ತಾಪ ಏರುವುದು 5.8 ಡಿಗ್ರಿ ಮಾತ್ರ, 20ರಲ್ಲಿ 11.5 ಡಿಗ್ರಿ. ಥರ್ಮೋಕಪಲ್ ಜೋಡಿಯಲ್ಲಿ ಅರ್ಧ ಡಿಗ್ರಿ ತಪ್ಪಿದ್ದರೆ ಮೊದಲನೆಯದರಲ್ಲಿ ಶೇ. 8ಕ್ಕೂ ಮಿಕ್ಕಿದ ತಪ್ಪು ನುಸುಳುತ್ತದೆ. ಸಾಮಾನ್ಯ ಥರ್ಮೋಕಪಲ್‌ಗಳ ಬದಲು ಜೋಡಿಯಾಗಿ ಹೊಂದಿಸಿದ ಪ್ಲಾಟಿನಂ ರೋಧಕ ತಾಪಮಾಪಕಗಳನ್ನು ಬಳಸಿ, ಎರಡನ್ನೂ ಒಂದೇ ನೀರಿನ ತೊಟ್ಟಿಯಲ್ಲಿಟ್ಟು ಅವುಗಳ ವ್ಯತ್ಯಾಸವನ್ನು ಮೊದಲೇ ದಾಖಲಿಸಿಕೊಳ್ಳುವುದು ಲೇಸು.

ಕಿರಣವಿಲ್ಲದಾಗಲೂ ಆ ಎರಡು ಅಳತೆಗಳ ನಡುವೆ ಸಣ್ಣ ವ್ಯತ್ಯಾಸ ಕಾಣುವುದುಂಟು. ಉಪಕರಣದ ದೋಷವಷ್ಟೇ ಅದಕ್ಕೆ ಕಾರಣವಲ್ಲ. ತಿರುಚಿದ ಪಟ್ಟಿಯ ಮೇಲೆ ರಭಸದಿಂದ ಹರಿಯುವ ನೀರು ಘರ್ಷಣೆಯಿಂದಲೂ ಬಿಸಿಯಾಗುತ್ತದೆ. ಒತ್ತಡ 5 ಬಾರ್ ಇಳಿದರೆ ನೀರಿನ ತಾಪ ಸುಮಾರು 0.12 ಡಿಗ್ರಿ ಏರುತ್ತದೆ. ಪರೀಕ್ಷೆಯ ವೇಗದಲ್ಲೇ ನೀರು ಹರಿಸಿ, ಕಿರಣವಿಲ್ಲದೆ ಸಿಗುವ ಈ ವ್ಯತ್ಯಾಸವನ್ನು ಪ್ರತಿ ಅಳತೆಯಿಂದಲೂ ಕಳೆಯಬೇಕು.

ಇನ್ನೊಂದು ತೊಡಕೆಂದರೆ ಕಾಲದ್ದು. ಶಾಖ ಬೀಳುವ ಮೈಯಿಂದ ತಾಮ್ರದ ಪದರದವರೆಗಿನ 8 ಮಿಲಿಮೀಟರ್ ಟಂಗ್‌ಸ್ಟನ್ ಕೆಲವೇ ಸೆಕೆಂಡುಗಳಲ್ಲಿ ಸ್ಥಿರ ತಾಪಕ್ಕೆ ಬರುತ್ತದಾದರೂ ತಾಪಮಾಪಕ ಅಷ್ಟು ಚುರುಕಾಗಿರುವುದಿಲ್ಲ. ಹೀಗಾಗಿ ಅಳತೆಯ ಹೊಂದಾಣಿಕೆಯನ್ನು 10 ಸೆಕೆಂಡಿನ ಸುತ್ತುಗಳಲ್ಲಿ ಮಾಡದೆ, ತಾಪದ ಗೆರೆ ಮಟ್ಟಸವಾಗಿ ನಿಲ್ಲುವಷ್ಟು ದೀರ್ಘವಾದ ಪ್ರತ್ಯೇಕ ಪ್ರಯೋಗಗಳಲ್ಲಿ ಮಾಡಬೇಕು. ಸುತ್ತುಗಳು ನಡೆಯುತ್ತಿರುವಾಗ, ಒಂದು ಸುತ್ತಿನ ಉದ್ದಕ್ಕೂ ನೀರು ಹೊತ್ತ ಒಟ್ಟು ಶಕ್ತಿಯನ್ನು ಕೂಡಿಸಿ ಕಿರಣದ ಅವಧಿಯಿಂದ ಭಾಗಿಸಿದರೆ ಆ ಸುತ್ತಿನ ಸರಾಸರಿ ದೊರೆಯುತ್ತದೆ. ಘಟಕದ ಸುತ್ತ ಇಡುವ ತಾಮ್ರದ ಮರೆಗಳಿಗೆ ಬೇರೆಯದೇ ನೀರಿನ ಸಾಲು ಕೊಟ್ಟು, ಅವು ಹೀರಿದ ಶಾಖವನ್ನು ಬೇರೆಯಾಗಿ ಅಳೆಯಬೇಕು. ಒಂದೇ ಸಾಲಿನಲ್ಲಿ ಬೆರೆತರೆ ಲೆಕ್ಕವೆಲ್ಲ ಹಾಳು.

ಸರಾಸರಿ ಸರಿಯಿದ್ದ ಮಾತ್ರಕ್ಕೆ ಹಂಚಿಕೆ ಸರಿಯಿದೆ ಎಂದಾಗದು. ಕಿರಣವು ಮೈಮೇಲೆ ಓಡಾಡುವ ವೇಗ ಕಡಿಮೆಯಿದ್ದರೆ ಮೇಲ್ಮೈಯ ಪ್ರತಿ ಬಿಂದುವೂ ಸುತ್ತಿನೊಳಗೇ ಸಾವಿರಾರು ಸಲ ಕಾದು ತಣಿಯುತ್ತದೆ. ನಾವು ಎಣಿಸದ ಆ ಸಣ್ಣ ಸುತ್ತುಗಳು ಟಂಗ್‌ಸ್ಟನ್‌ನ ಮೈಯನ್ನು ಬೇರೆಯೇ ರೀತಿಯಲ್ಲಿ ದಣಿಸುತ್ತವೆ. ಓಡಾಟವನ್ನು ಸೆಕೆಂಡಿಗೆ ಸಾವಿರಾರು ಸಲದ ಮಟ್ಟಕ್ಕೆ ಏರಿಸಿ, ಕ್ಯಾಮೆರಾದಲ್ಲಿ ಮೈ ಏಕಸಮನಾಗಿ ಕಾಣುವವರೆಗೆ ವಿನ್ಯಾಸವನ್ನು ತಿದ್ದಬೇಕು. ಕಿರಣ ತಿರುವು ಪಡೆಯುವ ಅಂಚುಗಳಲ್ಲಿ ಶಾಖ ಮಡುಗಟ್ಟುವುದು ಸಾಮಾನ್ಯ. ಕೊನೆಯ ಬಿಲ್ಲೆಗಳು ಮೊದಲು ಕೆಟ್ಟರೆ ಆ ಸಾಧ್ಯತೆಯನ್ನೇ ಮೊದಲು ಪರಿಶೀಲಿಸಬೇಕು.

ಮೇಲ್ಮೈ ತಾಪ

20 ಮೆಗಾವ್ಯಾಟ್‌ನಲ್ಲಿ 8 ಮಿಲಿಮೀಟರ್ ಟಂಗ್‌ಸ್ಟನ್ ಒಂದರ ಮೇಲೆ ಕೆಳಗೇ ಸುಮಾರು 1450 ಡಿಗ್ರಿಗಳ ಅಂತರ ಏರ್ಪಡುತ್ತದೆ. ತಾಮ್ರ, ಕೊಳವೆ ಮತ್ತು ನೀರಿನ ಪದರಗಳ ಪಾಲನ್ನು ಸೇರಿಸಿದರೆ ಮೇಲ್ಮೈ ತಾಪ 2000 ಡಿಗ್ರಿಯ ಆಸುಪಾಸಿಗೆ ಬರುತ್ತದೆ. ಟಂಗ್‌ಸ್ಟನ್‌ನ ಉತ್ಸರ್ಜಕತೆ (ಕಾದ ಮೈ ವಿಕಿರಣವನ್ನು ಹೊರಸೂಸುವ ಸಾಮರ್ಥ್ಯ) ಕಡಿಮೆಯಿರುವುದಲ್ಲದೆ ತಾಪ, ತರಂಗಾಂತರ ಮತ್ತು ಮೈಯ ಒರಟುತನಕ್ಕೆ ತಕ್ಕಂತೆ ಬದಲಾಗುತ್ತದೆ. ಹೊಳಪಿನ ಮೈ ಸಾವಿರಾರು ಸುತ್ತುಗಳಲ್ಲಿ ಒರಟಾದಂತೆ ಉತ್ಸರ್ಜಕತೆ ಹೆಚ್ಚಿ, ನಿಜವಾದ ತಾಪ ಏರದಿದ್ದರೂ ಕ್ಯಾಮೆರಾ ಏರಿಕೆಯನ್ನು ತೋರಿಸುತ್ತದೆ. ಹೊರಸೂಸುವ ವಿಕಿರಣದಿಂದ ತಾಪ ಅಳೆಯುವ, ಎರಡು ತರಂಗಾಂತರಗಳ ಪೈರೋಮೀಟರ್ ಇಂಥಲ್ಲಿ ಬಹಳಷ್ಟು ನೆರವಾಗುತ್ತದೆ.

ಅದಕ್ಕಿಂತಲೂ ನಾನು ಹೆಚ್ಚು ನಂಬುವುದು ತಣಿಯುವ ಗೆರೆಯನ್ನು. ಕಿರಣ ನಿಂತ ಮರುಕ್ಷಣದಿಂದ ಬಿಲ್ಲೆಯೊಂದು ಎಷ್ಟು ಬೇಗ ತಣಿಯುತ್ತದೆ ಎಂಬುದು ಶಾಖ ನೀರಿಗೆ ಹೋಗುವ ದಾರಿಯ ಗುಣವನ್ನು ಹೇಳುತ್ತದೆ. ಉತ್ಸರ್ಜಕತೆಯ ಸಂಖ್ಯೆ ಒಂದಿಷ್ಟು ತಪ್ಪಿದ್ದರೂ ತಣಿಯುವ ವೇಗದ ಹೋಲಿಕೆ ಕೆಡುವುದು ಕಡಿಮೆ. ಮೊದಲ ದಿನದ ಗೆರೆಯ ಮೇಲೆ ಇಂದಿನ ಗೆರೆಯನ್ನಿಟ್ಟು ನೋಡಿ: ಕ್ಯಾಮೆರಾದ ತಾಪ ಏರಿಯೂ ತಣಿಯುವ ಗೆರೆ ಅಲುಗದಿದ್ದರೆ ಬದಲಾದದ್ದು ಮೈ. ತಣಿಯುವುದೇ ನಿಧಾನವಾಗಿದ್ದರೆ ಒಳಗೆ ಎಲ್ಲೋ ಬೆಸುಗೆ ಬಿಡುತ್ತಿದೆ.

ಸುತ್ತುಗಳನ್ನು ಓಡಿಸುವುದು

ನೇರವಾಗಿ ಪೂರ್ಣ ಶಾಖಭಾರಕ್ಕೆ ಹೋಗದೆ ಮೊದಲು ಚದರ ಮೀಟರಿಗೆ 5 ಮೆಗಾವ್ಯಾಟ್, ಅನಂತರ 10 ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿಸಿ, ಪ್ರತಿ ಬಿಲ್ಲೆಯ ತಾಪವನ್ನು ನಕ್ಷೆ ಮಾಡಿಕೊಳ್ಳಬೇಕು. ಉಳಿದವುಗಳಿಗಿಂತ ಎದ್ದು ಕಾಣುವಷ್ಟು ಬಿಸಿಯಾದ ಬಿಲ್ಲೆಯಿದ್ದರೆ ಅಲ್ಟ್ರಾಸಾನಿಕ್ ನಕ್ಷೆಯಲ್ಲಿ ಅದರ ದೋಷವಿದೆಯೇ ನೋಡಬೇಕು. ಆಮೇಲೆ 10 ಮೆಗಾವ್ಯಾಟ್‌ನ 5000 ಸುತ್ತುಗಳು, ಮತ್ತೆ ಅದೇ ತಾಪನಕ್ಷೆ, ಬಳಿಕ 20 ಮೆಗಾವ್ಯಾಟ್‌ನ 300 ಸುತ್ತುಗಳು, ಕೊನೆಗೊಮ್ಮೆ ಅದೇ ತಾಪನಕ್ಷೆ. ನಕ್ಷೆಗಳನ್ನು ಒಂದೇ ನೀರು, ಒಂದೇ ಶಾಖಭಾರ, ಕ್ಯಾಮೆರಾದ ಒಂದೇ ಕೋನದಲ್ಲಿ ತೆಗೆದರೆ ಮಾತ್ರ ಹೋಲಿಸಲು ಬರುತ್ತವೆ. ಸಾವಿರ ಸುತ್ತುಗಳಿಗೊಮ್ಮೆ ನಡುವೆಯೂ ಒಂದು ನಕ್ಷೆ ತೆಗೆಯಬಹುದು.

ಗನ್ನಿನೊಳಗೆ ಕಿಡಿ ಹಾರಿ ಕಿರಣ ನಡುವೆ ನಿಂತ ಸುತ್ತುಗಳನ್ನು ಪೂರ್ಣ ಸುತ್ತೆಂದು ಎಣಿಸಬಾರದು. ಅವನ್ನು ಬೇರೆ ಕಾಲಂನಲ್ಲಿ ಬರೆದಿಡಬೇಕು. ರಾತ್ರಿ ಯಂತ್ರವನ್ನು ನಿಲ್ಲಿಸಿದರೆ ಘಟಕ ಕೋಣೆಯ ತಾಪಕ್ಕೆ ಇಳಿಯುತ್ತದೆ. ಆ ಇಳಿತವೂ ಟಂಗ್‌ಸ್ಟನ್‌ಗೆ ಒಂದು ಹೊರೆಯೇ ಆದ್ದರಿಂದ ನಿಲುಗಡೆಗಳ ವೇಳೆಯನ್ನು ದಾಖಲಿಸಬೇಕು. ನೀರು ಸೋರಿದ ಸೂಚನೆ ನಿರ್ವಾತದ ಮಾಪಕದಲ್ಲಿ ಮೊದಲು ಕಾಣುತ್ತದೆ. ಆಗ ಕಿರಣವನ್ನೂ ನೀರಿನ ಕವಾಟಗಳನ್ನೂ ಒಟ್ಟಿಗೆ ಮುಚ್ಚಬೇಕು, ಏಕೆಂದರೆ ಕಾದ ಟಂಗ್‌ಸ್ಟನ್‌ಗೆ ಹಬೆ ತಗುಲಿದರೆ ಅದು ಆಕ್ಸೈಡ್ ಆಗಿ ಮೈಯ ಸಾಕ್ಷ್ಯವನ್ನೆಲ್ಲ ಅಳಿಸಿಬಿಡುತ್ತದೆ.

ಬಿರುಕನ್ನು ಓದುವುದು

20 ಮೆಗಾವ್ಯಾಟ್‌ನ ಸುತ್ತುಗಳ ನಂತರ ಘಟಕವನ್ನು ಹೊರತೆಗೆದಾಗ, ಕೆಲವು ಬಿಲ್ಲೆಗಳ ಮೇಲ್ಮೈಯಲ್ಲಿ, ಅಗಲದ ನಟ್ಟನಡುವೆ, ಕೊಳವೆಯ ಉದ್ದಕ್ಕೆ ಸಮನಾಗಿ ಒಂದೇ ಒಂದು ಬಿರುಕು ನೇರ ಗೆರೆಯಂತೆ ಓಡಿರುವುದು ಕಾಣಬಹುದು. ಮೊದಲ ಸಲ ನೋಡಿದವರಿಗೆ ಘಟಕ ಸೋತಿತೆಂದೇ ಅನ್ನಿಸುತ್ತದೆ. ಬಿಲ್ಲೆಯನ್ನು ಅಡ್ಡ ಕೊಯ್ದು ನೋಡಿದರೆ ಆ ಬಿರುಕು ಮೇಲ್ಮೈಯಿಂದ ನೆಟ್ಟಗೆ ಕೆಳಕ್ಕೆ, ತಾಮ್ರದ ಪದರದ ದಿಕ್ಕಿಗೆ ಇಳಿದಿರುತ್ತದೆ. ಅದರ ಹುಟ್ಟು ಹೀಗೆ: ಕಾದ ಮೇಲ್ಪದರ ಹಿಗ್ಗಲು ಹೋದಾಗ ಕೆಳಗಿನ ತಂಪು ಭಾಗ ತಡೆಯುವುದರಿಂದ ಅದು ಒತ್ತಡಕ್ಕೆ ಸಿಕ್ಕಿ ಶಾಶ್ವತವಾಗಿ ಕುಗ್ಗುತ್ತದೆ, ತಣಿಯುವಾಗ ಹಾಗೆ ಕುಗ್ಗಿದ ಪದರ ಎಳೆತಕ್ಕೆ ಒಳಗಾಗುತ್ತದೆ. ಸುಮಾರು 1200–1300 ಡಿಗ್ರಿ ದಾಟಿದ ಭಾಗದಲ್ಲಿ ಕಾಲಕ್ರಮೇಣ ಕಣಗಳು ಹೊಸದಾಗಿ ಹುಟ್ಟಿ ದೊಡ್ಡದಾಗಿ, ಲೋಹದ ಬಲ ಕುಂದಿರುವುದರಿಂದ ಸುತ್ತು ಸುತ್ತಿಗೂ ಈ ವಿರೂಪ ಹೆಚ್ಚುತ್ತ ಕೊನೆಗೆ ಸೀಳುತ್ತದೆ.

ಆದರೆ ಈ ಬಿರುಕು ಶಾಖ ಹರಿಯುವ ದಿಕ್ಕಿಗೇ ಸಮನಾಗಿದೆ. ಶಾಖ ಮೇಲಿನಿಂದ ಕೆಳಕ್ಕೆ ಬಿರುಕಿನ ಎರಡೂ ಬದಿಯಲ್ಲಿ ಮೊದಲಿನಂತೆಯೇ ಇಳಿಯುತ್ತದೆ, ಆದ್ದರಿಂದ ತಾಪನಕ್ಷೆಯಲ್ಲಿ ಬದಲಾವಣೆ ಕಾಣದೆ ಇರಬಹುದು. ಇದಕ್ಕೆ ಪ್ರತಿಯಾಗಿ, ತಾಮ್ರ ಮತ್ತು ಟಂಗ್‌ಸ್ಟನ್‌ಗಳ ನಡುವೆ ಕೂದಲೆಳೆಯಷ್ಟು ಬೆಸುಗೆ ಬಿಟ್ಟರೂ ಅದು ಶಾಖದ ದಾರಿಗೆ ಅಡ್ಡ ನಿಲ್ಲುತ್ತದೆ. ಹೊರಗಿನಿಂದ ಏನೂ ಕಾಣದಿದ್ದರೂ ಬಿಲ್ಲೆ ಕಾಯುತ್ತ ಹೋಗುತ್ತದೆ. ಕಣ್ಣಿಗೆ ಭೀಕರವಾಗಿ ಕಾಣುವುದು ಸಹ್ಯವಾಗಿದ್ದು, ಕಾಣದಿರುವುದು ಮಾರಕವಾಗಿರುವ ಈ ಸಂಗತಿಯಿಂದಾಗಿ ತೀರ್ಪನ್ನು ಫೋಟೋದ ಮೇಲೆ ಬರೆಯದೆ ತಾಪನಕ್ಷೆ ಮತ್ತು ಅಲ್ಟ್ರಾಸಾನಿಕ್ ನಕ್ಷೆಗಳ ಮೇಲೆ ಬರೆಯಬೇಕು. ಹಾಗೆಂದು ನಡುಬಿರುಕನ್ನು ವರದಿಯಿಂದ ಬಿಡುವುದೂ ತಪ್ಪು. ಅದು ತಾಮ್ರದ ಪದರವನ್ನು ಮುಟ್ಟಿದೆಯೇ, ಕೊಳವೆಗೆ ದಾಟುವ ಲಕ್ಷಣವಿದೆಯೇ, ಎಷ್ಟು ಬಿಲ್ಲೆಗಳಲ್ಲಿದೆ, ಅವೆಲ್ಲ ಒಂದೇ ತಯಾರಿಕೆಯ ಟಂಗ್‌ಸ್ಟನ್‌ನವೇ ಎಂಬ ವಿವರಗಳು ಮುಂದಿನ ವಿನ್ಯಾಸಕ್ಕೆ ಬೇಕು. 2024ರಲ್ಲಿ ಮಂಡಿಸಿದ ಹೊಸ ಯೋಜನೆಯಲ್ಲಿ ಇಟರ್‌ನ ಮೊದಲ ಗೋಡೆಗೂ (ಪ್ಲಾಸ್ಮಾವನ್ನು ಸುತ್ತುವರಿದ ಒಳಗೋಡೆ) ಬೆರಿಲಿಯಂ ಬದಲು ಟಂಗ್‌ಸ್ಟನ್ ಬಂದಿರುವುದರಿಂದ ಈ ಲೋಹದ ಬಿರುಕುಗಳ ದಾಖಲೆಗೆ ಈಗ ಇನ್ನೂ ಹೆಚ್ಚಿನ ಬೆಲೆಯಿದೆ.

ಕೊಯ್ಯುವ ಮುನ್ನ ಅಲ್ಟ್ರಾಸಾನಿಕ್ ತಪಾಸಣೆಯನ್ನು ಮೊದಲಿನ ಕೋನಗಳಲ್ಲೇ ಮತ್ತೊಮ್ಮೆ ಮಾಡಿರಬೇಕು. ಕೊಯ್ದ ಮೇಲೆ ಅದಕ್ಕೆ ಅವಕಾಶವಿಲ್ಲ. ಕೊಯ್ಯಲು ಒಂದು ಕೆಟ್ಟ ಬಿಲ್ಲೆಯ ಜೊತೆಗೆ ಚೆನ್ನಾಗಿ ಉಳಿದ ಒಂದು ಬಿಲ್ಲೆಯನ್ನೂ ಶಾಖವೇ ಬೀಳದ ತುದಿಯ ಒಂದು ತುಂಡನ್ನೂ ಆರಿಸಿಕೊಂಡು, ಮೂರರಲ್ಲೂ ಕಣದ ಗಾತ್ರ ಮತ್ತು ಗಡಸುತನವನ್ನು ಮೇಲ್ಮೈಯಿಂದ ಕೊಳವೆಯವರೆಗೆ ಅಳೆಯಬೇಕು. ಟಂಗ್‌ಸ್ಟನ್‌ನಲ್ಲಿ ಗಡಸುತನ ಎಷ್ಟು ಆಳದವರೆಗೆ ಕುಸಿದಿದೆಯೋ ಅಷ್ಟು ಆಳದವರೆಗೆ ಕಣರಚನೆ ಬದಲಾಗಿದೆ ಎಂದು ತಿಳಿಯಬಹುದು. ಕೊಳವೆಯ ಗಡಸುತನ ಇಳಿದಿದ್ದರೆ ಅದು ತಾಳಬೇಕಾದುದಕ್ಕಿಂತ ಹೆಚ್ಚು ಕಾದಿತ್ತೆಂದು ಅರ್ಥ. ವರದಿಯಲ್ಲಿ ಪ್ರತಿ ಬಿಲ್ಲೆಗೂ ಒಂದು ಸಾಲಿರಲಿ: ಒಳಹೋದ ಶಾಖಭಾರ ಮತ್ತು ಅದರ ಅನಿಶ್ಚಿತತೆ, ಪೂರ್ಣಗೊಂಡ ಮತ್ತು ಅರ್ಧಕ್ಕೆ ನಿಂತ ಸುತ್ತುಗಳು, ಮೂರೂ ತಾಪನಕ್ಷೆಗಳ ತಾಪ, ಎರಡೂ ಅಲ್ಟ್ರಾಸಾನಿಕ್ ನಕ್ಷೆಗಳ ದೋಷ, ಬಿರುಕಿನ ಉದ್ದ ಮತ್ತು ಆಳ. ಕೊಯ್ಯದೆ ಉಳಿಸಿದ ಬಿಲ್ಲೆಗಳನ್ನು ಅವುಗಳ ಸಂಖ್ಯೆ ಮತ್ತು ಸೊನ್ನೆ ಡಿಗ್ರಿಯ ಗುರುತಿನ ಸಮೇತ ಒಣಗಿದ ಡಬ್ಬಿಯಲ್ಲಿ ಕಾಪಿಟ್ಟರೆ, ಬೇರೊಂದು ಪ್ರಯೋಗಾಲಯ ನಿಮ್ಮ ಅಳತೆಯನ್ನು ಪ್ರಶ್ನಿಸಿದಾಗ ಅದೇ ಬಿಲ್ಲೆಯ ಮೇಲೆ ಮತ್ತೆ ಅಳೆಯಲು ಸಾಧ್ಯವಾಗುತ್ತದೆ.